ಬಲಗಣ್ಣಿಗೆ ಇನ್ನೂ ಬೆಲ್ಲದ ಬಣ್ಣ

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು
ನರ್ಸಮ್ಮನ ಮುಖ ಅಲ್ಲ,
ಆಕೆಯ ಹಿಂದಿನ ಗೋಡೆ.
ಇಷ್ಟು ಬಿಳಿ ಇರತ್ತಾ ಗೋಡೆ, ಅಂದೆ.
ಸುಣ್ಣ ಹೊಡೆದು ಆರು ವರ್ಷ ಆಯ್ತು ಬಿಡ್ರಿ, ಅಂತ ನಕ್ಕಳು.

ಹೊಲಿಗೆ ಹಾಕಿಲ್ಲಮ್ಮ, ಅಂದರು ಡಾಕ್ಟರು.
ಹೊಲಿಗೆ ಇಲ್ಲದೆ ನಿಲ್ಲತ್ತಾ?
ಮೂವತ್ತೊಂದು ವರ್ಷ ಫಾಲ್ಸು, ಪೀಕೋ ಮಾಡಿದವಳಿಗೆ
ಅದೊಂದೇ ಭಯ.
ಮಸೂರದ ನಂಬರಿನ ಕಾರ್ಡು ಕೊಟ್ಟರು, ಇಪ್ಪತ್ತೊಂದೂವರೆ.
ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇನೆ.

ಪಿ.ಬಿ. ರಸ್ತೆಯಲ್ಲಿ ಆಟೋ ನಿಂತಿತು.
ಮುಂದಿನ ಗಾಡಿಯ ತುಂಬ ಮಂಡಕ್ಕಿ ಚೀಲ,
ಒಂದು ಹರಿದು ಸುರಿಯುತ್ತಿತ್ತು.
ಕಪ್ಪು ಕನ್ನಡಕದ ಸಂದಿಯಿಂದ ನೋಡಿದೆ,
ಒಂದೊಂದು ಕಾಳೂ ಬೇರೆ ಬೇರೆಯಾಗಿ ಬಿದ್ದವು.
ಎರಡು ವರ್ಷದಿಂದ ನನಗೆ ಮಂಡಕ್ಕಿ ಅಂದರೆ
ತಟ್ಟೆಯಲ್ಲಿ ಒಂದು ಮಬ್ಬು ಗುಡ್ಡೆ.

ಬಗ್ಗಬಾರದು. ತಲೆಗೆ ನೀರು ಹಾಕಬಾರದು.
ಎಡಮಗ್ಗುಲಿಗೆ ಮಲಗಬಾರದು. ಒಗ್ಗರಣೆ ಮುಂದೆ ನಿಲ್ಲಬಾರದು.
ದಿನಕ್ಕೆ ಆರು ಸಲ ಹನಿ.
ಹಾಕುವವಳು ತಸ್ಮಿಯಾ, ನನ್ನ ಅಂಗಡಿಯ ಹುಡುಗಿ,
ಬಾಷಾ ನಗರದಿಂದ ಬರುತ್ತಾಳೆ,
ದುಪಟ್ಟಾಕ್ಕೆ ಅಪ್ಪನ ಭಟ್ಟಿಯ ಹೊಗೆ ವಾಸನೆ.
ಮೇಲೆ ನೋಡ್ರಿ ಆಂಟಿ, ಫ್ಯಾನು ನೋಡ್ರಿ.
ಫ್ಯಾನಿನ ರೆಕ್ಕೆಯ ಧೂಳು ನೋಡುತ್ತೇನೆ.
ನಾಚಿಕೆಯಾಗುತ್ತದೆ.

ಬೇಜಾರಿಗೆ ಒಂದೊಂದೇ ಕಣ್ಣು ಮುಚ್ಚುವ ಆಟ.
ಬಲಗಣ್ಣಿಗೆ ಲೋಕವೆಲ್ಲ ಬೆಲ್ಲದ ಚಹಾ,
ಎಡಗಣ್ಣಿಗೆ ಆಗಷ್ಟೇ ಕಾಯಿಸಿದ ಹಾಲು.
ಇವರ ಫೋಟೋ ಬಲಗಣ್ಣಿಗೆ ಹಳೇದು,
ಎಡಗಣ್ಣಿಗೆ ಹೋದ ವಾರ ತೆಗೆಸಿದ ಹಾಗಿದೆ.
ಅಂಗಿಯ ಮೂರನೇ ಗುಂಡಿಗೆ ಬೇರೆ ದಾರ!
ಹೊಲಿದವಳು ನಾನೇ.
ಪುಣ್ಯಾತ್ಮ, ಹಾಗೇ ಹಾಕಿಕೊಂಡು ಹೋಗಿ ಫೋಟೋಕ್ಕೆ ನಿಂತರು.

ಹನ್ನೆರಡನೇ ದಿನ ಚೌಕಿಪೇಟೆಗೆ ಹೋದೆ,
ಬರೀ ಕೂತು ಬರೋಣ ಅಂತ.
ದಾರದ ರೀಲುಗಳು ಸಾಲಾಗಿ ನನ್ನನ್ನೇ ನೋಡಿದವು.
ಅಯ್ಯೋ, ಇದು ಕರಿ ಅಲ್ಲ, ಕಡುನೀಲಿ.
ಇದು ಕಂದು ಅಂದುಕೊಂಡಿದ್ದೆನಲ್ಲ, ನೇರಳೆ.
ಈ ಬಿಳಿ ಬಿಳಿ, ಆ ಬಿಳಿ ಕೆನೆ.
ಎರಡು ವರ್ಷ ಯಾವ ಸೀರೆಗೆ ಯಾವ ದಾರ ಹಾಕಿದೆನೋ,
ಒಬ್ಬರೂ ಬಂದು ಜಗಳ ಆಡಲಿಲ್ಲ ಯಾಕೆ?

ಕತ್ತರಿ ಹುಡುಕುತ್ತ ಕೆಳಗಿನ ಖಾನೆ ಎಳೆದೆ.
ಒಂದು ಪ್ಲಾಸ್ಟಿಕ್ ಕವರು,
ತುಂಬ ಬಿಚ್ಚಿದ ದಾರ.
ಕರಿ, ಕಂದು, ಕೆನೆ,
ಒಂದೊಂದೂ ಸುಕ್ಕುಸುಕ್ಕು, ನೇರ ಮಾಡಿದರೂ ಮಡಚಿಕೊಳ್ಳುತ್ತವೆ.
ದಾರ ಬಿಚ್ಚಿದರೂ ಹೊಲಿಗೆ ಮರೆಯುವುದಿಲ್ಲ.
ನನ್ನ ಕೈಯ ಅಳತೆ ನನಗೆ ಗೊತ್ತಾಗದೇ ಇರುತ್ತದಾ.

ರಾತ್ರಿ ಮನೆಗೆ ಒಯ್ದು ಬಿಚ್ಚಿ
ಮತ್ತೆ ಹೊಲಿದು ತರುತ್ತಿದ್ದಳು.
ಯಾಕೆ ಹೇಳಲಿಲ್ಲವೇ, ಅಂದೆ.
ಹೊಲಿಗೆ ಸರಿಯಾಗೇ ಇತ್ತಲ್ಲ ಆಂಟಿ, ಬಣ್ಣ ಅಷ್ಟೇ,
ಅಂದು ಮಿಷನ್ನಿಗೆ ಎಣ್ಣೆ ಬಿಡತೊಡಗಿದಳು.
ಆಕೆಯ ಹೆಬ್ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಚುಕ್ಕಿಗಳು,
ಎಣಿಸಬಹುದಿತ್ತು.
ಎಣಿಸಲಿಲ್ಲ.

ಪೊರೆ ತೆಗೆದಿದ್ದೇವೆ ಅಂದಿದ್ದರು ಆಸ್ಪತ್ರೆಯಲ್ಲಿ.
ಶಾಲೆಯ ಪ್ರಾರ್ಥನೆಯಲ್ಲಿ ಪೊರೆ ಅಂದರೆ ಕಾಪಾಡು ಅಂತ.
ಮುಚ್ಚುವುದಕ್ಕೂ ಸಾಕುವುದಕ್ಕೂ ಒಂದೇ ಮಾತು
ಯಾರು ಇಟ್ಟರೋ, ಯಾಕೆ ಇಟ್ಟರೋ,
ಕವರು ತೊಡೆಯ ಮೇಲಿಟ್ಟುಕೊಂಡು ಕೂತೆ.
ಕಣ್ಣಲ್ಲಿ ನೀರು ಬರಬಾರದು ಅಂತ
ಚೀಟಿಯಲ್ಲಿ ಬರೆದಿರಲಿಲ್ಲ, ಪುಣ್ಯ.

ಬಲಗಣ್ಣಿನದು ರಂಜಾನ್ ಮುಗಿದ ಮೇಲೆ ಅಂತ ಹೇಳಿ ಬಂದಿದ್ದೇನೆ.
ಹನಿ ಹಾಕುವವಳಿಗೆ ಈಗ ಹಬ್ಬದ ಹೊಲಿಗೆ ಜಾಸ್ತಿ,
ಪಗಾರವೂ ಜಾಸ್ತಿ, ಅದು ಬೇರೆ ಮಾತು.
ಒಮ್ಮೊಮ್ಮೆ ಎಡಗಣ್ಣು ಮುಚ್ಚಿ
ಆ ದಾರದ ಉಂಡೆ ನೋಡುತ್ತೇನೆ.
ಎಲ್ಲ ಒಂದೇ ಬಣ್ಣ.